ಶೋಧನೆಯ ಹೊತ್ತಿಗೆ ಒದಗುವ ವಾಕ್ಯ

ಕಿತ್ತೂರು ಸೀಮೆಯಲ್ಲಿ ರೊಕ್ಕ ಕೈಗೆ ಬರುವುದಕ್ಕೆ ಅದರದೇ ದಿನಗಳಿವೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದವರಿಗೆ ಬಿಲ್ಲು ಜಮೆಯಾಗುವ ದಿನ, ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿದ ದಿನ, ರಾಮದುರ್ಗ, ಸುರೇಬಾನದ ನೇಕಾರರಿಗೆ ಮಜೂರಿ ಸಿಗುವ ದಿನ, ಕೂಲಿಯವರಿಗೆ ವಾರದ ಸಂತೆ. ಸಾಲ ತೀರಿಸಬೇಕು, ಮಗಳ ಫೀ ಕಟ್ಟಬೇಕು ಎಂಬ ಲೆಕ್ಕ ಮನೆಯಿಂದ ಹೊರಡುವಾಗ ಸರಿಯಾಗಿಯೇ ಇರುತ್ತದೆ. ದಾರೂ ಅಂಗಡಿ, ಓ.ಸಿ. (ಮಟ್ಕಾ) ಬರೆಯುವವನು, ಇಸ್ಪೀಟಿನ ಅಡ್ಡೆ ದಾಟುವಷ್ಟರಲ್ಲಿ ಅದು ತಪ್ಪಿರುತ್ತದೆ. ಈಗಂತೂ ಅಡ್ಡೆಯವರೆಗೂ ಹೋಗಬೇಕಿಲ್ಲ, ಕಿಸೆಯಲ್ಲೇ ಮೊಬೈಲಿದೆ. ಈ ಸೆಳೆತವನ್ನು ಇಲ್ಲಿಯ ಕ್ರೈಸ್ತರು ಶೋಧನೆ ಎನ್ನುತ್ತಾರೆ. ಅದರಲ್ಲಿ ಬೀಳದಂತೆ ಕಾಪಾಡು ಎಂಬ ಬಿನ್ನಹ ಮನೆಪ್ರಾರ್ಥನೆಗಳಿಗೆ ಹೊಸದೇನಲ್ಲ.

ಸತ್ಯವೇದ (ಬೈಬಲ್) ಓದಿದವನ ಕೈಯನ್ನು ಆ ಗಳಿಗೆಯಲ್ಲಿ ಯಾವುದು ಹಿಡಿಯುತ್ತದೆ? ಓದಿದ ವಾಕ್ಯವೇ, ಓದಿಸಿದ ಸಭೆಯೇ, ಕುಡಿತ ಬಿಟ್ಟವನಿಗೆ ಸಿಕ್ಕ ಹೊಸ ಬದುಕೇ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲೂ ಆಸುಪಾಸಿನಲ್ಲೂ ಕ್ರೈಸ್ತರು ಕಡಿಮೆ, ಆದರೆ ಪರಂಪರೆಗಳು ಹಲವು. ಬೆಳಗಾವಿ ಕಡೆಯಿಂದ ಹಬ್ಬಿದ ಮೆಥಡಿಸ್ಟ್ ಸಭೆಗಳಿವೆ, ಧಾರವಾಡದ ಕಡೆ ಬಾಸೆಲ್ ಮಿಷನ್ನಿನ ಬೇರಿದೆ, ದೇಶನೂರಿನಲ್ಲಿ ಕಥೋಲಿಕ ಜೆಸುಯಿಟ್ ಗುರುಗಳ ಮಠವಿದೆ, ಇತ್ತೀಚಿನ ಸ್ವತಂತ್ರ ಪ್ರಾರ್ಥನಾ ಸಭೆಗಳಿವೆ. ಇವರೆಲ್ಲ ಒಂದೇ ಗ್ರಂಥವನ್ನು ನೆಚ್ಚಿದವರು. ಉತ್ತರ ಮಾತ್ರ ಬೇರೆಬೇರೆ ಕೊಟ್ಟರು.

ಗ್ರಂಥದೊಳಗಿನ ಕಥೆಗಳು

ಶೋಧನೆಯ ಮಾತು ಬಂದಾಗ ಬೋಧಕರು ಮೊದಲು ತೆರೆಯುವುದು ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ. 40 ದಿನ ಉಪವಾಸವಿದ್ದು ಹಸಿದ ಯೇಸುವಿಗೆ ಅಡವಿಯಲ್ಲಿ ಸೈತಾನ ಮೂರು ಸಲ ಆಸೆ ತೋರಿಸುತ್ತಾನೆ: ಕಲ್ಲು ರೊಟ್ಟಿಯಾಗಲಿ, ಗುಡಿಯ ಶಿಖರದಿಂದ ಧುಮುಕು, ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ನಿನ್ನವು. ಮೂರಕ್ಕೂ ಯೇಸು ಶಾಸ್ತ್ರವಾಕ್ಯದಿಂದಲೇ ಉತ್ತರ ಕೊಡುತ್ತಾನೆ. ಇಷ್ಟು ಹೇಳಿ ‘ನೋಡಿ, ವಾಕ್ಯ ಓದಿದರೆ ಸೈತಾನ ಓಡುತ್ತಾನೆ’ ಎಂದು ಮುಗಿಸುವ ಪ್ರಸಂಗಗಳು ಬಹಳ. ಆದರೆ ಎರಡನೆಯ ಸುತ್ತಿನಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಎತ್ತಿ ಆಡುತ್ತಾನೆ. ವಾಕ್ಯ ಗೊತ್ತಿರುವುದೊಂದೇ ರಕ್ಷೆಯಾಗಿದ್ದರೆ ಅವನೂ ಪಾರಾಗಬೇಕಿತ್ತು.

ಯೇಸುವಿನ ಉತ್ತರಗಳು ಎಲ್ಲಿಂದ ಬಂದವು ಎಂದು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಮೂರೂ ಧರ್ಮೋಪದೇಶಕಾಂಡದವು, ಅದರಲ್ಲೂ 6ರಿಂದ 8ನೇ ಅಧ್ಯಾಯದೊಳಗಿನವು. ಈ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕು, ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ ಆಡುತ್ತಿರಬೇಕು ಎಂಬ ಅಪ್ಪಣೆ ಇರುವುದೂ ಅದೇ 6ನೇ ಅಧ್ಯಾಯದಲ್ಲಿ. ಯೆಹೂದಿ ಮನೆಗಳ ನಿತ್ಯಪ್ರಾರ್ಥನೆಯ ತಿರುಳು ಅದೇ ಅಧ್ಯಾಯದ್ದು. ಅಂದರೆ ಅಡವಿಯಲ್ಲಿ ಒದಗಿದ್ದು ಮನೆಯಲ್ಲಿ ಬಾಯಿಪಾಠವಾದ ಮಾತು. ಒಂಟಿಯಾಗಿ ನಿಂತವನ ಬಾಯಲ್ಲಿ ಇಡೀ ಬಳಗದ ನುಡಿಯಿತ್ತು. ಈ ಲೇಖನ ಹಿಡಿದು ಹೊರಟಿರುವ ಎಳೆಯೂ ಇದೇ. ಶೋಧನೆ ಬಂದಮೇಲೆ ಹುಡುಕಿ ಓದುವ ವಾಕ್ಯಕ್ಕಿಂತ, ಮೊದಲೇ ನಾಲ್ಕು ಮಂದಿಯ ನಡುವೆ ಬಾಯಲ್ಲಿ ಆಡಿ ಪಳಗಿದ ವಾಕ್ಯಕ್ಕೆ ಬಲ ಹೆಚ್ಚು.

ಉಳಿದ ಕಥೆಗಳು ಇದಕ್ಕೆ ತಲೆಗೊಂದು ಮಾತು ಸೇರಿಸುತ್ತವೆ. ಪೋಟೀಫರನ ಹೆಂಡತಿ ಬಟ್ಟೆ ಹಿಡಿದೆಳೆದಾಗ ಯೋಸೇಫ ವಾದಕ್ಕೆ ನಿಲ್ಲದೆ ಬಟ್ಟೆ ಬಿಟ್ಟು ಓಡಿದ. ಕೆಲವು ಶೋಧನೆಗಳಿಗೆ ಕಾಲೇ ಉತ್ತರ. ದಾವೀದ ಬಿದ್ದದ್ದು ರಾಜರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ತಾನೊಬ್ಬ ಅರಮನೆಯಲ್ಲಿ ಉಳಿದಾಗ, ಕೆಲಸವಿಲ್ಲದ ಸಂಜೆ ಮಾಳಿಗೆಯ ಮೇಲೆ ಅಡ್ಡಾಡುವಾಗ. ಗೆತ್ಸೇಮನೆಯಲ್ಲಿ ಎಚ್ಚರವಿದ್ದು ಪ್ರಾರ್ಥಿಸಿ ಎಂದರೂ ಶಿಷ್ಯರು ನಿದ್ದೆಹೋದರು. ಬೆಳಕು ಹರಿಯುವ ಮೊದಲೇ ಪೇತ್ರ ಬೆಂಕಿ ಕಾಯಿಸುತ್ತ ಗುರುವನ್ನೇ ಅರಿಯೆನೆಂದ. ಯಾಕೋಬನ ಪತ್ರಿಕೆ ಸೈತಾನನ ಮೇಲೆ ಹೊರೆ ಹಾಕುವುದಿಲ್ಲ. ಒಬ್ಬೊಬ್ಬನನ್ನೂ ಸೆಳೆಯುವುದು ಅವನವನ ಆಸೆಯೇ ಎನ್ನುತ್ತದೆ. ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಇಡುತ್ತಾನೆಂಬ ಪೌಲನ ಭರವಸೆ ಕೊರಿಂಥದ ಇಡೀ ಸಭೆಗೆ ಬರೆದದ್ದು. ನಾವು ಅದನ್ನು ಒಬ್ಬೊಬ್ಬರೇ ಓದಿಕೊಂಡು ಒಬ್ಬೊಬ್ಬರೇ ಸೋಲುತ್ತೇವೆ.

ಗ್ರಂಥ ಕಿವಿಯಿಂದ ಬಂತು

ಈ ಸೀಮೆಗೆ ಪ್ರೊಟೆಸ್ಟಂಟ್ ಬೋಧನೆ ಬಂದದ್ದು ಕಿತ್ತೂರಿನ ಯುದ್ಧಕ್ಕಿಂತ ನಾಲ್ಕು ವರ್ಷ ಮೊದಲು. 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ನೆಲೆನಿಂತರು. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿದ್ದು, ವಿಲಿಯಂ ರೀವ್ ಮೊದಲಾದವರ ಜೊತೆಗೂಡಿ ಬೈಬಲ್ಲನ್ನು ಕನ್ನಡಕ್ಕೆ ತರುತ್ತಿದ್ದರು. 1830ರ ದಶಕದ ಮೊದಲಲ್ಲಿ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿ ಸಿಗುವಂತಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಕ್ಕೆ ಹರಡಿತು. ಬೆಳಗಾವಿಯ ಕೆಲಸ 1904ರಲ್ಲಿ ಮೆಥಡಿಸ್ಟರ ಕೈಸೇರಿತು.

ಪುಸ್ತಕ ಬಂತು, ಓದುವವರು ಇರಲಿಲ್ಲ. ಆ ಕಾಲದ ಹಳ್ಳಿಯ ಬಡವರಿಗೆ, ಅದರಲ್ಲೂ ಊರ ಹೊರಗಿನ ಕೇರಿಗಳವರಿಗೆ, ಅಕ್ಷರದ ಬಾಗಿಲು ಮುಚ್ಚಿತ್ತು. ಹಾಗಾಗಿ ಮೊದಲ ತಲೆಮಾರುಗಳ ‘ಸತ್ಯವೇದ ಅಧ್ಯಯನ’ ಎಂದರೆ ಒಬ್ಬ ಓದುವುದು, ಹತ್ತು ಮಂದಿ ಕೇಳಿ ಹೇಳುವುದು. ಪ್ರಶ್ನೋತ್ತರದ ಬೋಧೆ, ಬಾಯಿಪಾಠ, ಹಾಡು ಇವೇ ದಾರಿಗಳು. 1853ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಕಿಟೆಲ್ ಈ ನೆಲದ ಕಿವಿಯನ್ನು ಅರಿತವರು. ತಮ್ಮ ಕನ್ನಡ ನಿಘಂಟಿಗಿಂತ ಬಹಳ ಮೊದಲೇ, 1862ರಲ್ಲಿ, ಅವರು ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ ಎಂದು ಪದ್ಯರೂಪದಲ್ಲಿ ಕನ್ನಡಕ್ಕೆ ತಂದರು. ಜಾನ್ ಬನ್ಯನ್ ಬರೆದ ಯಾತ್ರಿಕನ ಕಥೆಯನ್ನು ಬಾಸೆಲ್ ಮಿಷನರಿಗಳು ‘ಯಾತ್ರಿಕನ ಸಂಚಾರ’ ಎಂದು ಕನ್ನಡಿಸಿದ್ದರು. ಅದರ ನಾಯಕ ಮಾಯಾಲೋಕದ ಸಂತೆಯೊಂದನ್ನು ಹಾದು ಹೋಗಬೇಕು. ಅಲ್ಲಿ ಮಾರಾಟಕ್ಕಿಲ್ಲದ ವಸ್ತುವೇ ಇಲ್ಲ. ಅವನು ಅದನ್ನು ದಾಟುವುದು ಜೊತೆಗಾರನೊಡನೆ. ಆ ಜೊತೆಗಾರ ಅಲ್ಲೇ ಪ್ರಾಣ ಕೊಟ್ಟಮೇಲೆ ಇನ್ನೊಬ್ಬ ಜೊತೆಯಾಗುತ್ತಾನೆ. ಸಂತೆಯ ದಿನದ ಕಷ್ಟ ಬಲ್ಲ ನಮ್ಮ ಓದುಗರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಮೂರು ಪರಂಪರೆ, ಮೂರು ಉಪಾಯ

ಬಾಸೆಲ್ ಮಿಷನ್ನಿನ ಬೋಧಕರು ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ಪಯಟಿಸ್ಟ್ ಭಕ್ತಿಪಂಥದವರು. ದಿನವೂ ವಾಕ್ಯ, ಮನೆಯಲ್ಲಿ ಪ್ರಾರ್ಥನೆ, ಸಭೆಯಲ್ಲಿ ಹಿರಿಯರ ಶಿಸ್ತು ಅವರ ಕ್ರಮ. ಕುಡಿದು ಜಗಳವಾಡಿದವನನ್ನು ಹಿರಿಯರು ಕರೆದು ಕೇಳುತ್ತಿದ್ದರು, ತಿದ್ದಿಕೊಳ್ಳದಿದ್ದರೆ ಕರ್ತನ ಭೋಜನದಿಂದ ದೂರವಿಡುತ್ತಿದ್ದರು. ಈ ಶಿಸ್ತು ಕೆಲವರನ್ನು ಉಳಿಸಿತು, ಕೆಲವರಿಗೆ ಮರೆಮಾಚುವುದನ್ನು ಕಲಿಸಿತು. ಅವರ ನಿಜವಾದ ಒಳನೋಟ ಬೇರೆ ಕಡೆ ಇದೆ. ಕರಾವಳಿಯಲ್ಲಿ ಶೇಂದಿ ಇಳಿಸುವ ಕಸುಬಿನವರು ಸಭೆ ಸೇರಿದಾಗ ಆ ಕಸುಬು ಬಿಡಬೇಕಾಯಿತು. ಬಿಟ್ಟವರ ಒಲೆ ಉರಿಯುವುದು ಹೇಗೆ? ನೇಯ್ಗೆಯ ಕಾರ್ಖಾನೆಗಳು ಬಂದವು, 1865ರಲ್ಲಿ ಮಂಗಳೂರಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದರು. ಕೆಟ್ಟದ್ದನ್ನು ಬಿಡೆಂದವರು ಬೇರೆ ಕೆಲಸವನ್ನೂ ಕೊಡಬೇಕಾಗುತ್ತದೆ ಎಂಬ ಪಾಠ ಅದು. ಈ ಪರಂಪರೆಯ ಉತ್ತರ ಕರ್ನಾಟಕದ ಸಭೆಗಳು ಈಗ ಧಾರವಾಡ ಕೇಂದ್ರವಾಗಿರುವ, ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತ್ಯದಲ್ಲಿವೆ.

ಮೆಥಡಿಸ್ಟರ ಉಪಾಯ ಸಣ್ಣ ಗುಂಪು. ಅದರ ಹುಟ್ಟೇ ಸ್ವಾರಸ್ಯವಾಗಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಜಾನ್ ವೆಸ್ಲಿಯ ಅನುಯಾಯಿಗಳು ವಾರಕ್ಕೊಂದು ಪೆನ್ನಿ ಕೂಡಿಸುವುದೆಂದು ಗೊತ್ತುಮಾಡಿದರು. ಸುಮಾರು ಹನ್ನೆರಡು ಮಂದಿಗೆ ಒಬ್ಬ ಮುಂದಾಳು. ಅವನು ರೊಕ್ಕಕ್ಕೆಂದು ಮನೆಮನೆಗೆ ಹೋದಾಗ ಯಾರು ಕುಡಿದು ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳವಿದೆ ಎಂಬುದು ಕಣ್ಣಿಗೆ ಬಿತ್ತು. ಹಣದ ಸುತ್ತು ಹೀಗೆ ಆತ್ಮಪರೀಕ್ಷೆಯ ಕೂಟವಾಯಿತು. ಅದಕ್ಕೂ ಮೊದಲೇ, 1738ರಲ್ಲಿ, ವೆಸ್ಲಿ ಇನ್ನೂ ಚಿಕ್ಕ ಗುಂಪುಗಳಿಗೆ ಬರೆದ ನಿಯಮಗಳಲ್ಲಿ ಈ ವಾರ ಏನು ಶೋಧನೆ ಬಂತು, ಹೇಗೆ ಪಾರಾದೆ ಎಂದು ಪ್ರತಿಯೊಬ್ಬರನ್ನೂ ಕೇಳುವ ಕಟ್ಟಳೆಯಿತ್ತು. 1743ರ ಸಾಮಾನ್ಯ ನಿಯಮಗಳು ಮದ್ಯದ ಸೇವನೆಯ ಜೊತೆಗೆ ಮಾರಾಟವನ್ನೂ ತಡೆದವು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು. ವಾರದ ಉಳಿತಾಯದ ಕಂತು ಯಾವ ಮನೆಯದು ತಪ್ಪಿತೋ ಆ ಮನೆಯ ಗಂಡಸಿನ ಸ್ಥಿತಿ ಸಂಘದ ಹೆಣ್ಣುಮಕ್ಕಳಿಗೆ ಮೊದಲು ತಿಳಿಯುತ್ತದೆ. ಸಭಾಪಾಲಕರಿಗೆ ಅದು ತಲುಪುವುದು ಆಮೇಲೆ.

ಮೂರನೆಯದು ಕಥೋಲಿಕರದು. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಜೆಸುಯಿಟ್ ಗುರುಗಳು ಲಿಂಗಾಯತ ವಿರಕ್ತಮಠದ ರೀತಿಯಲ್ಲೇ ಬಾಳನ್ನು ಕಟ್ಟಿಕೊಂಡರು. ಕಾವಿ ಉಟ್ಟರು, ನೆಲದ ಮೇಲೆ ಕುಳಿತು ಬಲಿಪೂಜೆ ಅರ್ಪಿಸಿದರು. ಸುತ್ತಲಿನ ಜನ ವೈರಾಗ್ಯವನ್ನು ಯಾವ ವೇಷದಲ್ಲಿ ಗುರುತಿಸುತ್ತಾರೋ ಆ ವೇಷದಲ್ಲೇ ಕ್ರಿಸ್ತನನ್ನು ಹಿಂಬಾಲಿಸುವ ಪ್ರಯತ್ನವದು. ಇದನ್ನು ಟೀಕಿಸುವವರೂ ಇದ್ದಾರೆ. ವೇಷ ಅವರದು, ಬೋಧೆ ಇವರದು ಎಂದು ಒಂದು ಕಡೆಯವರು ಅನುಮಾನಿಸಿದರೆ, ಬೋಧೆಯೇ ಕರಗಿಹೋಗುತ್ತದೆ ಎಂದು ಇನ್ನೊಂದು ಕಡೆಯವರು ಅಂಜುತ್ತಾರೆ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಜೆಸುಯಿಟರ ಸಂಸ್ಥಾಪಕ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ರೂಪಿಸಿದ ಅಭ್ಯಾಸ. ದಿನಕ್ಕೆ ಎರಡು ಬಾರಿ ಮನಸ್ಸನ್ನು ಹಿಂದಿರುಗಿ ನೋಡು, ಯಾವುದು ದೇವರ ಕಡೆ ಸೆಳೆಯಿತು, ಯಾವುದು ದೂರ ಒಯ್ದಿತು ಎಂದು ಗುರುತಿಸು. ಕೇಡು ಗುಟ್ಟನ್ನು ಬಯಸುತ್ತದೆ, ನಂಬಿಕಸ್ಥ ಗುರುವಿಗೆ ಹೇಳಿಬಿಟ್ಟರೆ ಅದರ ಅರ್ಧ ಶಕ್ತಿ ಹೋಗುತ್ತದೆ ಎಂಬುದು ಅವರ ಅನುಭವ. ಶತ್ರು ಕೋಟೆಯ ಸುತ್ತ ತಿರುಗಿ ದುರ್ಬಲ ಗೋಡೆಯನ್ನೇ ಹುಡುಕುತ್ತಾನೆ ಎಂದೂ ಅವರು ಬರೆದರು. ಕೋಟೆ ಕಳೆದುಕೊಂಡ ಕಿತ್ತೂರಿನವರು ಇದನ್ನು ಬಲ್ಲರು.

ಯಾವುದು ಶೋಧನೆ, ಯಾರು ಹೇಳಬೇಕು?

ಶೋಧನೆ ಎಂಬ ಹಣೆಪಟ್ಟಿ ಹಚ್ಚುವವರು ಯಾರೆಂಬುದನ್ನೂ ಕೇಳಬೇಕು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೆ ಜನಸಾಗರ ಹರಿಯುತ್ತದೆ. ಕ್ರೈಸ್ತರಾದ ಮನೆಯಲ್ಲಿ ಮಗುವಿಗೆ ಜ್ವರ ಬಿಡದಿದ್ದರೆ ಅಜ್ಜಿಗೆ ಎಲ್ಲಮ್ಮನ ಹಳೆಯ ಹರಕೆ ನೆನಪಾಗುವುದು ಸಹಜ. ಬೋಧಕರ ಕಣ್ಣಿಗೆ ಅದು ಹಿಂದಕ್ಕೆಳೆಯುವ ಶೋಧನೆ. ಅಜ್ಜಿಗೆ ಅದು ತಲೆಮಾರುಗಳ ನಂಬಿಕೆ, ಬಳಗದ ನಂಟು. ಕಳ್ಳು, ಜೂಜುಗಳ ಸಾಲಿಗೆ ಇದನ್ನೂ ಸೇರಿಸಿ ಬೈಯುವ ಪ್ರಸಂಗ ಹೊರಗಿನವರನ್ನು ನೋಯಿಸುತ್ತದೆ, ಒಳಗಿನವರಿಗೂ ನೆರವಾಗುವುದಿಲ್ಲ. ಅಜ್ಜಿಗೆ ಬೇಕಾದದ್ದು ಆಸ್ಪತ್ರೆಗೆ ಜೊತೆಗೆ ಬರುವ ನಾಲ್ಕು ಮಂದಿ.

ರೊಟ್ಟಿಯ ಪ್ರಶ್ನೆ ಇನ್ನೂ ಕಠಿಣ. ಅಡವಿಯ ಮೊದಲ ಶೋಧನೆಯೇ ಹಸಿವಿನದು. 1876–78ರ ದೊಡ್ಡ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. ಮಿಷನ್ನುಗಳು ಗಂಜಿ ಹಾಕಿದವು, ಅನಾಥ ಮಕ್ಕಳನ್ನು ಸಾಕಿದವು. ಹೊಟ್ಟೆಗಾಗಿ ಮತ ಬಿಟ್ಟರೆಂಬ ಮಾತು ಆಗಿನಿಂದ ಇಂದಿನವರೆಗೂ ಕ್ರೈಸ್ತರ ಬೆನ್ನು ಬಿಟ್ಟಿಲ್ಲ. ರೊಟ್ಟಿಯ ಆಸೆಯನ್ನು ಗೆದ್ದವನ ಹೆಸರಿನಲ್ಲೇ ರೊಟ್ಟಿ ಹಂಚಬೇಕಾದ ಇಕ್ಕಟ್ಟದು. ಹಸಿದವನಿಗೆ ಅನ್ನ ಕೊಡುವುದು ಧರ್ಮ, ಅನ್ನವನ್ನು ಕೊಂಡಿಯಾಗಿಸುವುದು ಸೈತಾನನ ಮೊದಲ ಉಪಾಯ. ಈ ಗೆರೆಯನ್ನು ಕಾಯುವ ಹೊಣೆ ಉಣ್ಣುವವನಿಗಿಂತ ಹೆಚ್ಚಾಗಿ ಬಡಿಸುವವನದು.

ನೆರೆಯ ದಾರಿಗಳು

ಆಸೆಯ ಮೂಲವನ್ನು ಹುಡುಕಿದ್ದು ಕ್ರೈಸ್ತರೊಬ್ಬರೇ ಅಲ್ಲ. ಮಾಯೆಯನ್ನು ಹೊರಗಿನ ವಸ್ತುವಿನಲ್ಲಿ ಕಾಣದೆ ಮನದ ಮುಂದಿನ ಆಸೆಯಲ್ಲಿ ಕಂಡ ಅಲ್ಲಮನಿಗೂ, ಆಸೆಯೇ ಸೆಳೆಯುತ್ತದೆಂದ ಯಾಕೋಬನಿಗೂ ಸಾವಿರ ವರ್ಷದಂತರವಿದ್ದರೂ ಮಾತು ಹತ್ತಿರದ್ದು. ನಾವು ಅರಿಷಡ್ವರ್ಗವೆಂದು ಆರನ್ನು ಎಣಿಸಿದರೆ, 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಎಂಟನ್ನು ಎಣಿಸಿದ. ಒಂದೊಂದು ಕೆಟ್ಟ ಯೋಚನೆಗೂ ಎದುರಾಡಲು ಬೈಬಲ್ಲಿನ ವಾಕ್ಯಗಳನ್ನು ಪಟ್ಟಿಮಾಡಿ ಇಡೀ ಒಂದು ಕೃತಿಯನ್ನೇ ಕಟ್ಟಿದ. ಬೇಸರ ಬಂದಾಗ ಇದು, ಸಿಟ್ಟು ಬಂದಾಗ ಇದು ಎಂಬಂತೆ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ ಈ ಭಾಗದ ಸ್ವಂತ ಆವಿಷ್ಕಾರ. ಸ್ವಾಮಿಗಳು ಓಣಿ ಓಣಿ ತಿರುಗಿ ಕಾಣಿಕೆಯ ಬದಲು ಚಟವನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳೂ ಉತ್ತರ ಕರ್ನಾಟಕಕ್ಕೆ ಬಂದಿವೆ. ಇಲ್ಲೆಲ್ಲ ಕಾಣುವುದು ಅದೇ: ನಾಲ್ಕು ಮಂದಿಯ ಮುಂದೆ ಮಾತು ಕೊಡುವುದು, ಹಾಡು, ಪ್ರಾರ್ಥನೆ, ಮುಂದೆಯೂ ಕೇಳಿಕೊಂಡು ಬರುವವರು. ಕ್ರೈಸ್ತ ದಾರಿಯ ವಿಶೇಷ ಪಣ ತೊಡುವುದರಲ್ಲಿ ಇಲ್ಲ, ಪಣ ಮುರಿದ ಮರುದಿನದ ಬಗ್ಗೆ ಅದಕ್ಕಿರುವ ಕಥೆಯಲ್ಲಿದೆ. ಬೆಂಕಿಯ ಬಳಿ ಸೋತ ಪೇತ್ರನಿಗೆ ದಡದ ಇನ್ನೊಂದು ಬೆಂಕಿಯ ಬಳಿ ಯೇಸುವೇ ಮತ್ತೆ ಕೆಲಸ ಒಪ್ಪಿಸುತ್ತಾನೆ.

ಇವತ್ತಿನ ಲೆಕ್ಕ

ಕಾನೂನು ಎಷ್ಟು ತಡೆಯಬಲ್ಲದೆಂಬುದನ್ನೂ ಈ ಸೀಮೆ ನೋಡಿದೆ. ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಇತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಲಾಟರಿಯೂ ಅದೇ ವರ್ಷ ನಿಂತಿತು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು, ಲಾಟರಿಯ ಜಾಗಕ್ಕೆ ಮೊಬೈಲಿನ ರಮ್ಮಿ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರದ ಕಾಯ್ದೆ ತಡೆಯಿತು. ಆ ಆಟಗಳು ಬಿಟ್ಟುಹೋದ ಜಾಗಕ್ಕೂ ಇನ್ನೊಂದು ಬರಲಾರದು ಎಂದು ಯಾರೂ ಬರೆದುಕೊಡಲಾರರು.

ಮನೋವಿಜ್ಞಾನವೂ ತನ್ನ ಮಾತನ್ನು ತಿದ್ದಿಕೊಂಡಿದೆ. ಸಂಯಮ ಬಳಸಿದಷ್ಟೂ ಸವೆಯುತ್ತದೆಂಬ, 1998ರಲ್ಲಿ ಹೆಸರಾದ ವಾದ 2016ರಲ್ಲಿ ಹಲವು ಪ್ರಯೋಗಾಲಯಗಳು ಕೂಡಿ ಪರೀಕ್ಷಿಸಿದಾಗ ಗಟ್ಟಿಯಾಗಿ ನಿಲ್ಲಲಿಲ್ಲ. ಗಟ್ಟಿ ಮನಸ್ಸಿನವರೆಂದು ನಾವು ಹೊಗಳುವವರು ಶೋಧನೆಯೊಡನೆ ಹೆಚ್ಚು ಹೋರಾಡುವವರಲ್ಲ, ಅದರ ದಾರಿಗೇ ಕಡಿಮೆ ಹೋಗುವವರು ಎಂಬುದು ಈಚಿನ ಅಧ್ಯಯನಗಳ ಒಲವು. ‘ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ನಿರ್ಧಾರಕ್ಕೆ ಹೆಚ್ಚು ಅಂಟಿಕೊಳ್ಳುತ್ತಾರೆಂದು ಪೀಟರ್ ಗೋಲ್‌ವಿಟ್ಸರ್ ತೋರಿಸಿದ್ದಾರೆ. ಯೋಸೇಫನ ಓಟವನ್ನೂ ಎವಾಗ್ರಿಯಸನ ಪಟ್ಟಿಯನ್ನೂ ಬಲ್ಲವರಿಗೆ ಇದು ಅಚ್ಚರಿಯ ಸುದ್ದಿಯಲ್ಲ.

ಎಚ್ಚರದ ಮಾತುಗಳೂ ಇವೆ. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈನಡುಕ, ಸೆಳವು, ಭ್ರಮೆ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅದನ್ನು ದೆವ್ವದ ಕಾಟವೆಂದು ತಿಳಿದು ಉಪವಾಸ ಪ್ರಾರ್ಥನೆಗೆ ಕೂರಿಸುವುದು ತಪ್ಪು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಈ ತಾಲ್ಲೂಕುಗಳಿಗೆ ದೂರವೇನಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ ವೈದ್ಯನೆಂದೇ ಕರೆದಿದ್ದಾನೆ. ಕುಡಿದ ಗಂಡ ಹೊಡೆಯುವಾಗ ಹೆಂಡತಿಗೆ ತಾಳ್ಮೆಯ ವಾಕ್ಯ ಓದಿಹೇಳುವುದು ಇನ್ನೂ ದೊಡ್ಡ ತಪ್ಪು. ಅವನಿಗೆ ಬಂದ ಶೋಧನೆಯ ಬೆಲೆಯನ್ನು ಅವಳ ಮೈಯಿಂದ ಕಟ್ಟಿಸುವ ಹಕ್ಕು ಯಾವ ಸಭೆಗೂ ಇಲ್ಲ. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟುವ ಸಾಕ್ಷಿಗಳು ಕೇಳಲು ರೋಚಕವಾಗಿರುತ್ತವೆ, ಹೊಣೆಯನ್ನು ಮಾತ್ರ ಜಾರಿಸಿಬಿಡುತ್ತವೆ.

ಕನ್ನಡ ಬೈಬಲ್ ಈಗ ಮೊಬೈಲಿನಲ್ಲಿದೆ, ಓದಲು ಬಾರದವರಿಗೆ ಕೇಳುವ ಬೈಬಲ್ಲೂ ಇದೆ. ಗ್ರಂಥ ಇಷ್ಟು ಸುಲಭವಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಇಷ್ಟು ಒಂಟಿಯಾಗಿಯೂ ಅದನ್ನು ಯಾರೂ ಓದಿರಲಿಲ್ಲ. ಬೆಳಿಗ್ಗೆ ಸ್ಟೇಟಸ್ಸಿಗೆ ಹಾಕಿದ ವಾಕ್ಯ ಸಂಜೆಯ ಹೊತ್ತಿಗೆ ಬಾಯಿಗೆ ಬರುವುದಿಲ್ಲ, ಏಕೆಂದರೆ ಅದು ಬಾಯಿಗೆ ಬಂದೇ ಇರಲಿಲ್ಲ. ಅಕ್ಷರ ಬಾರದ ಹಿರಿಯರು ಕೇಳಿ, ಹಾಡಿ, ಒಬ್ಬರಿಗೊಬ್ಬರು ಒಪ್ಪಿಸಿ ಕಲಿತದ್ದನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಬಿಟ್ಟುಕೊಟ್ಟು ದೊಡ್ಡವರು ಕೈತೊಳೆದುಕೊಂಡದ್ದು ಈ ಕಾಲದ ನಷ್ಟ.

ಎರಡು ಶತಮಾನದ ಈ ಅನುಭವವನ್ನು ಕೂಡಿಸಿ ನೋಡಿದರೆ ವಾಕ್ಯಕ್ಕೆ ಶಕ್ತಿಯಿಲ್ಲವೆಂದು ಹೇಳಲಾಗದು, ವಾಕ್ಯವೊಂದೇ ಸಾಕೆಂದೂ ಹೇಳಲಾಗದು. ಬಾಸೆಲ್‌ನವರು ಅದಕ್ಕೆ ಕೆಲಸದ ಆಸರೆ ಕೊಟ್ಟರು, ಮೆಥಡಿಸ್ಟರು ವಾರವಾರ ಕೇಳುವ ಗೆಳೆಯರನ್ನು ಕೊಟ್ಟರು, ಜೆಸುಯಿಟರು ಗುಟ್ಟು ಬಿಚ್ಚಿ ಹೇಳಲು ಒಬ್ಬ ಗುರುವನ್ನು ಕೊಟ್ಟರು. ಒಂದೊಂದು ಸಭೆಯೂ ಉಳಿದೆರಡನ್ನು ನೆರೆಯವರಿಂದ ಕಲಿಯಬೇಕಿದೆ. ಭಾನುವಾರದ ಪ್ರಸಂಗದಲ್ಲಿ ಕುಡಿತ ಬಿಟ್ಟವರ ಸಾಕ್ಷಿ ಬಹಳ ಕೇಳಿಸುತ್ತದೆ. ಬಿಟ್ಟು ಮತ್ತೆ ಬಿದ್ದವನು ಮುಂದಿನ ವಾರ ಅದೇ ಜಮಖಾನೆಯ ಮೇಲೆ ನಾಚದೆ ಬಂದು ಕೂರಬಲ್ಲನೇ ಎಂಬುದು ಸಭೆಗೆ ಬರುವ ಶೋಧನೆ. ಅದರಲ್ಲಿ ತೇರ್ಗಡೆಯಾಗುವ ಸಭೆಗಳಲ್ಲೇ ಬಹಳ ಮಂದಿ ಕೊನೆಗೆ ನಿಜವಾಗಿ ಬಿಡುತ್ತಾರೆ.